ಮನೆಯನ್ನೇ ಎಳೆದುಕೊಂಡು ಹೋದ ಇಪ್ಪತ್ತನಾಲ್ಕು ದಿನ

ದೊಡ್ಡಪ್ಪ, ದೊಡ್ಡಮ್ಮ ಮತ್ತು ಗುಂಪಿನಲ್ಲಿರುವ ಎಲ್ಲರಿಗೂ ನಮಸ್ಕಾರ. ನಾವು ಹಾಕಿದ್ದ ಫೋಟೋಗಳನ್ನು ನೋಡಿ ದೊಡ್ಡಪ್ಪ ಮೊನ್ನೆ, "ಮನೆ ಬಿಟ್ಟು ಹೋಗುವುದಕ್ಕೆ ಪ್ರವಾಸ ಎನ್ನುತ್ತಾರೆ, ನೀವಿಬ್ಬರೂ ಮನೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಹೋಗಿದ್ದೀರಲ್ಲ, ಅದರಲ್ಲೇನು ಸುಖ?" ಎಂದು ಕೇಳಿದ್ದರು. ಅದರ ಬೆನ್ನಿಗೇ ಸುಮಾ ಅತ್ತಿಗೆ, ಬರುವ ಡಿಸೆಂಬರಿನಲ್ಲಿ ತಾವೆಲ್ಲರೂ ಮೆಲ್ಬರ್ನಿಗೆ ಬಂದಾಗ ಇಂಥದೊಂದು ಗಾಲಿಮನೆಯನ್ನು, ಅಂದರೆ ಕ್ಯಾರವಾನನ್ನು, ಬಾಡಿಗೆಗೆ ಹಿಡಿಯಬಹುದೇ, ಅಡಿಗೆ, ಸ್ನಾನಗಳ ಗತಿಯೇನು ಎಂದು ವಿಚಾರಿಸಿದ್ದಾರೆ. ಉತ್ತರವನ್ನು ಹಾಗೆಯೇ ಮಾತಿನಲ್ಲಿ ರೆಕಾರ್ಡ್ ಮಾಡಿ ಕಳಿಸಲು ಎರಡು ಸಲ ಶುರುಮಾಡಿದೆ. ಎರಡು ಸಲವೂ ನಮ್ಮ ಯಜಮಾನರು ಹಿಂದಿನಿಂದ ಅಂಕಿಅಂಶ ತಿದ್ದಲು ಬಂದರು. ಆದ್ದರಿಂದ ಎಲ್ಲವನ್ನೂ ಬರೆದಿಟ್ಟುಕೊಂಡು ಓದುತ್ತಿದ್ದೇನೆ. ಆಕಾಶವಾಣಿಯ ವಾರ್ತೆಯಂತೆ ಕೇಳಿಸಿದರೆ ಯಾರೂ ನಗಬಾರದು.

ನಾವು ಡಿಸೆಂಬರ್ 27ರಂದು ಹೊರಟು ಜನವರಿ 19ರಂದು ಮರಳಿದೆವು. ಮೆಲ್ಬರ್ನಿನಿಂದ ಉತ್ತರಕ್ಕೆ ಮರ್ರೇ ನದಿಯ ದಡದ ಎಚೂಕ, ಅಲ್ಲಿಂದ ಸೀ ಲೇಕ್ ಎಂಬ ಸಣ್ಣ ಊರಿನ ಮೇಲೆ ಮಿಲ್ಡೂರ, ಆಮೇಲೆ ನ್ಯೂ ಸೌತ್ ವೇಲ್ಸ್ ರಾಜ್ಯದ ಪಶ್ಚಿಮ ಮೂಲೆಯ ಬ್ರೋಕನ್ ಹಿಲ್, ಹಿಂದಕ್ಕೆ ಬಂದು ದಕ್ಷಿಣ ಆಸ್ಟ್ರೇಲಿಯಾದ ರೆನ್‌ಮಾರ್ಕ್, ಕೊನೆಗೆ ಗೋಧಿಯ ಸೀಮೆಯ ಮೂಲಕ ಮನೆ. ಒಟ್ಟು ಸುಮಾರು 2300 ಕಿಲೋಮೀಟರ್. ದಿನಕ್ಕೆ ನಾನೂರು ಕಿಲೋಮೀಟರ್ ಲೀಲಾಜಾಲವಾಗಿ ಓಡಿಸುವವರಿಗೆ ಇದು ವಾರದ ದಾರಿ. ಬೆನ್ನ ಹಿಂದೆ ಎರಡು ಟನ್ ಭಾರ ಇರುವವರಿಗೆ ಅಲ್ಲ.

ದೊಡ್ಡಪ್ಪ ನೀರಾವರಿ ಇಲಾಖೆಯಲ್ಲಿ ದುಡಿದವರಾದ್ದರಿಂದ ಮೊದಲು ಲೆಕ್ಕವನ್ನೇ ಒಪ್ಪಿಸುತ್ತೇನೆ. ನಮ್ಮ ಕ್ಯಾರವಾನ್ ಹದಿನೆಂಟು ಅಡಿಯದು. ಬರಿದಾಗಿದ್ದಾಗ 1900 ಕಿಲೋ, ತುಂಬಿದ ಮೇಲೆ 2300 ಕಿಲೋ ಮೀರುವಂತಿಲ್ಲ. ನಡುವಿನ ಆ ನಾನೂರು ಕಿಲೋದಲ್ಲೇ ಗ್ಯಾಸ್ ಸಿಲಿಂಡರ್, ಪಾತ್ರೆ, ಬಟ್ಟೆ, ಕುರ್ಚಿ, ಅಕ್ಕಿ, ಬೇಳೆ ಎಲ್ಲವೂ ಅಡಗಬೇಕು. ಅದರಲ್ಲಿ 160 ಕಿಲೋವನ್ನು ನೀರೊಂದೇ ನುಂಗುತ್ತದೆ, ಏಕೆಂದರೆ ಅಡಿಯಲ್ಲಿ ಎಂಬತ್ತು ಲೀಟರಿನ ಎರಡು ಟ್ಯಾಂಕುಗಳಿವೆ. ಭಾರದ ಮೊತ್ತಕ್ಕಿಂತಲೂ ಅದನ್ನು ಎಲ್ಲಿ ಇಡುತ್ತೇವೆ ಎಂಬುದು ಮುಖ್ಯ. ಒಟ್ಟು ತೂಕದ ಹತ್ತನೆಯ ಒಂದು ಪಾಲಿನಷ್ಟು ಕಾರಿನ ಕೊಂಡಿಯ ಮೇಲೆ ಕೂತಿರಬೇಕು. ಸಾಮಾನೆಲ್ಲ ಹಿಂಬದಿಗೆ ಸೇರಿಬಿಟ್ಟರೆ ವೇಗದಲ್ಲಿ ಕ್ಯಾರವಾನ್ ಮೀನಿನ ಬಾಲದಂತೆ ಅತ್ತಿತ್ತ ಬಡಿಯತೊಡಗಿ ಕಾರನ್ನೂ ಎಳೆದುಕೊಂಡು ಮಗುಚಿಬೀಳುತ್ತದೆ. ಹಾಗಾಗಿ ಅಕ್ಕಿ ಮೂಟೆ ಗಾಲಿಯ ಅಚ್ಚಿನ ಮೇಲಕ್ಕೆ ಬಂತು, ನನ್ನ ವೆಟ್ ಗ್ರೈಂಡರ್ ಮನೆಯಲ್ಲೇ ಉಳಿಯಿತು. ಆ ವಿಷಯದಲ್ಲಿ ನನಗೆ ಈಗಲೂ ಸಮಾಧಾನವಿಲ್ಲ.

ಎಚೂಕ ಎಂದರೆ ಅಲ್ಲಿನ ಯೋರ್ಟ ಯೋರ್ಟ ಜನರ ಮಾತಿನಲ್ಲಿ ನೀರುಗಳು ಕೂಡುವ ಜಾಗ, ನಮ್ಮ ಸಂಗಮವಿದ್ದಂತೆ. ರೈಲು ಬಂದ ಕಾಲದಲ್ಲಿ ಒಳನಾಡಿನ ಉಣ್ಣೆಯೆಲ್ಲ ಚಕ್ರದ ಹಬೆದೋಣಿಗಳಲ್ಲಿ ಇಲ್ಲಿಗೆ ಬಂದು ಇಳಿಯುತ್ತಿತ್ತು. 1866ರಲ್ಲಿ ಕಟ್ಟಿದ 'ಅಡಿಲೇಡ್' ಎಂಬ ದೋಣಿ ಇಂದಿಗೂ ತೇಲುತ್ತಿದೆ. ದೋಣಿಗಳು ನಿಲ್ಲಲೆಂದು ರೆಡ್ ಗಮ್ ಮರದ ದಿಮ್ಮಿಗಳಿಂದ ಕಟ್ಟಿದ ಹಳೆಯ ಕಟ್ಟೆಗೆ ಹಲವು ಅಂತಸ್ತುಗಳಿವೆ. ನದಿ ಏರಿದಾಗ ಮೇಲಿನ ಅಂತಸ್ತು, ಇಳಿದಾಗ ಕೆಳಗಿನದು. ಆದರೆ ಎಚೂಕ ನನಗೆ ನೆನಪಿರುವುದು ದೋಣಿಯಿಂದಲ್ಲ, ರಿವರ್ಸಿನಿಂದ. ಕ್ಯಾರವಾನನ್ನು ಹಿಂದಕ್ಕೆ ತಳ್ಳುವಾಗ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ಯಜಮಾನರು ಕಾರಿನಲ್ಲಿ, ನಾನು ಹಿಂದೆ ಕೈಸನ್ನೆ ಮಾಡುತ್ತಾ. ನಾನು "ಎಡಕ್ಕೆ" ಎಂದರೆ ಅದು ನನ್ನ ಎಡವೇ, ಅವರ ಎಡವೇ, ಕ್ಯಾರವಾನಿನ ಎಡವೇ ಎಂಬುದು ಇತ್ಯರ್ಥವಾಗುವ ಹೊತ್ತಿಗೆ ನಲ್ಲಿಯ ಕಂಬಕ್ಕೆ ಒಂದು ಅಂಗುಲವಷ್ಟೇ ಉಳಿದಿತ್ತು. ಅಕ್ಕಪಕ್ಕದವರು ಸಂಜೆಯ ಕುರ್ಚಿಗಳನ್ನು ನಮ್ಮ ಕಡೆಗೇ ತಿರುಗಿಸಿಕೊಂಡು ಕೂತಿದ್ದರು. ಹೊಸಬರ ರಿವರ್ಸ್ ನೋಡುವುದು, ಕ್ಯಾರವಾನ್ ನಿಲ್ಲಿಸಿ ತಂಗುವ ಇಲ್ಲಿನ ಪಾರ್ಕುಗಳಲ್ಲಿ ಬಿಟ್ಟಿ ಮನರಂಜನೆಯಂತೆ. ಮರುದಿನದಿಂದ ಎಡಬಲಗಳನ್ನು ಕೈಬಿಟ್ಟು, "ಮರದ ಕಡೆಗೆ", "ನಲ್ಲಿಯ ಕಡೆಗೆ" ಎಂದು ಗಟ್ಟಿಯಾಗಿ ಕನ್ನಡದಲ್ಲಿ ಕೂಗಲು ನಿರ್ಧರಿಸಿದೆವು. ಆಮೇಲೆ ಒಂದು ಸಲವೂ ತಪ್ಪಲಿಲ್ಲ.

ಮಿಲ್ಡೂರವನ್ನು ದೊಡ್ಡಪ್ಪ ನೋಡಲೇಬೇಕು. ಸುತ್ತ ನೂರಾರು ಕಿಲೋಮೀಟರ್ ಕುರುಚಲು ಗಿಡ ಮತ್ತು ಕೆಂಪು ಮಣ್ಣು. ನಡುವೆ ಇದ್ದಕ್ಕಿದ್ದಂತೆ ದ್ರಾಕ್ಷಿ, ಕಿತ್ತಳೆ, ಬಾದಾಮಿ ತೋಟಗಳ ಹಸಿರು. ಕ್ಯಾಲಿಫೋರ್ನಿಯಾದಲ್ಲಿ ನೀರಾವರಿ ಮಾಡಿ ಅನುಭವವಿದ್ದ ಜಾರ್ಜ್ ಮತ್ತು ವಿಲಿಯಂ ಚಾಫಿ ಎಂಬ ಅಣ್ಣತಮ್ಮಂದಿರು 1887ರಲ್ಲಿ ಇಲ್ಲಿ ನೆಲ ಪಡೆದು, ಮರ್ರೇ ನದಿಯ ನೀರನ್ನು ಪಂಪಿನಿಂದ ಮೇಲೆತ್ತಿ ನಾಲೆಗೆ ಹರಿಸಿದರು. ವಿಶ್ವೇಶ್ವರಯ್ಯ ನಾಲೆ ಬಂದಮೇಲೆ ಮಂಡ್ಯದ ಬಯಲು ಹೇಗೆ ಬದಲಾಯಿತೆಂದು ದೊಡ್ಡಪ್ಪ ನಮಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದುದು ಅಲ್ಲಿ ನೆನಪಾಯಿತು. ಒಂದೇ ವ್ಯತ್ಯಾಸವೆಂದರೆ ಅಲ್ಲಿ ನೀರು ತಾನಾಗಿ ಇಳಿದು ಬರುತ್ತದೆ, ಇಲ್ಲಿ ಅದನ್ನು ಎತ್ತಬೇಕು.

ಅಲ್ಲಿದ್ದಾಗಲೇ 43 ಡಿಗ್ರಿಯ ಬಿಸಿಲು ಮೂರು ದಿನ ಸತತವಾಗಿ ಹೊಡೆಯಿತು. ಕ್ಯಾರವಾನಿನ ಫ್ರಿಜ್ಜು ಗ್ಯಾಸಿನಲ್ಲೂ ಕರೆಂಟಿನಲ್ಲೂ ನಡೆಯುವ ಬಗೆಯದು. ನೆಲ ಸಮತಟ್ಟಾಗಿಲ್ಲದಿದ್ದರೆ ಸರಿಯಾಗಿ ತಂಪಾಗುವುದಿಲ್ಲ, ಹೊರಗೆ ನಲವತ್ತು ದಾಟಿದರೆ ಸೋತು ಕೂರುತ್ತದೆ. ಬೆಳಿಗ್ಗೆ ಏಳಕ್ಕೆ ಹೆಪ್ಪು ಹಾಕಿದ ಹಾಲು ಹತ್ತು ಗಂಟೆಗೆ ಗಟ್ಟಿ ಮೊಸರಾಗಿತ್ತು. ಊಟದ ಹೊತ್ತಿಗೆ ಅದೇ ಮೊಸರು ಹುಳಿಯಾಗಿ ಮಜ್ಜಿಗೆಹುಳಿಗೆ ಮಾತ್ರ ಲಾಯಕ್ಕಾಯಿತು. ಮೂರು ದಿನವೂ ಮಜ್ಜಿಗೆಹುಳಿಯನ್ನೇ ಉಂಡೆವು. ಯಜಮಾನರು ನಾಲ್ಕನೆಯ ದಿನ ತಾವಾಗಿಯೇ ಹೋಗಿ ಒಂದು ಐಸ್ ಡಬ್ಬ ಕೊಂಡುತಂದರು.

ಕ್ಯಾರವಾನನ್ನು ಮಿಲ್ಡೂರದಲ್ಲೇ ಬಿಟ್ಟು, ಬಿಸಿಲು ಇಳಿದ ಮೇಲೆ ಒಂದು ದಿನ ಮುಂಗೋ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿಬಂದೆವು. ಸುಮಾರು ನೂರಹತ್ತು ಕಿಲೋಮೀಟರ್ ದೂರ, ಬಹುಪಾಲು ಮಣ್ಣಿನ ರಸ್ತೆ. ಮಳೆ ಬಿದ್ದರೆ ರಸ್ತೆಯನ್ನೇ ಮುಚ್ಚುತ್ತಾರೆ. ಸಾವಿರಾರು ವರ್ಷಗಳ ಹಿಂದೆಯೇ ಬತ್ತಿದ ಕೆರೆ ಅದು. ಅದರ ಪೂರ್ವದ ದಂಡೆಯಲ್ಲಿ ಅರ್ಧಚಂದ್ರಾಕಾರದ ಮರಳುದಿಬ್ಬವಿದ್ದು, ಗಾಳಿಮಳೆಗೆ ಸವೆದು ಕೋಟೆಗೋಡೆಯಂತೆ ಕಾಣುತ್ತದೆ. 1968ರಲ್ಲಿ ಭೂವಿಜ್ಞಾನಿ ಜಿಮ್ ಬೌಲರ್ ಅವರಿಗೆ ಇಲ್ಲಿ ಒಬ್ಬ ಹೆಂಗಸಿನ ದಹನವಾದ ಮೂಳೆಗಳು ಸಿಕ್ಕವು. 1974ರಲ್ಲಿ ಕೆಂಪು ಕಾವಿಮಣ್ಣು ಎರಚಿ ಹೂಳಿದ್ದ ಗಂಡಸಿನ ಅಸ್ಥಿ ಸಿಕ್ಕಿತು. ಇಬ್ಬರೂ ನಲವತ್ತು ಸಾವಿರ ವರ್ಷಗಳ ಹಿಂದಿನವರು. ಮೂಳೆಗಳು ಕ್ಯಾನ್‌ಬೆರಾಕ್ಕೆ ಹೋಗಿ, ದಶಕಗಳ ಒತ್ತಾಯದ ನಂತರ ಆಕೆ 1992ರಲ್ಲೂ ಆತ 2017ರಲ್ಲೂ ತಮ್ಮ ನೆಲಕ್ಕೆ ಮರಳಿದರು. ದಿಬ್ಬದ ಮೇಲೆ ನಮ್ಮಷ್ಟಕ್ಕೆ ಓಡಾಡುವಂತಿಲ್ಲ, ಮಾರ್ಗದರ್ಶಿಯ ಜೊತೆಗೇ ಹೋಗಬೇಕು. ನಮ್ಮನ್ನು ಕರೆದೊಯ್ದ ಮೂಲನಿವಾಸಿ ಮಾರ್ಗದರ್ಶಿ ಒಂದೆಡೆ ನಿಂತು, ಮರಳಿನಲ್ಲಿ ಕಪ್ಪಾಗಿ ಸುಟ್ಟ ಮಣ್ಣಿನ ಗುಂಡನೆಯ ಕಲೆಯೊಂದನ್ನು ತೋರಿಸಿದರು. ಅದು ಹಳೆಯ ಒಲೆ. ಅದರ ಬದಿಯಲ್ಲಿ ಹಲ್ಲಿನಷ್ಟು ದೊಡ್ಡದಾದ, ಮೀನಿನ ಕಿವಿಯೊಳಗಿನ ಬಿಳಿಯ ಮೂಳೆ. ಮುಟ್ಟಬಾರದು ಎಂದರು, ನಾವು ಮುಟ್ಟಲಿಲ್ಲ. ಒಂದು ಹನಿ ನೀರಿಲ್ಲದ ಆ ಬಯಲಿನಲ್ಲಿ ಯಾರೋ ಕೂತು ಮೀನು ಸುಟ್ಟು ತಿಂದಿದ್ದರು ಎಂಬುದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಬ್ರೋಕನ್ ಹಿಲ್ ದಾರಿ ಮುನ್ನೂರು ಕಿಲೋಮೀಟರ್. ಅಲ್ಲಿ ಎದುರಿಗೆ ಬರುವ ರೋಡ್ ಟ್ರೈನ್ ಎಂಬ ಲಾರಿಗಳಿಗೆ ಎರಡು ಮೂರು ಡಬ್ಬಿಗಳಿದ್ದು, ಪಕ್ಕದಲ್ಲಿ ಹಾದುಹೋಗುವಾಗ ಗಾಳಿಯ ಸೆಳೆತಕ್ಕೆ ಕ್ಯಾರವಾನ್ ಒಮ್ಮೆ ಜಗ್ಗುತ್ತದೆ. ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದು ಸುಮ್ಮನಿರುವುದೊಂದೇ ಉಪಾಯ. ಸಂಜೆಯ ಮೇಲೆ ಓಡಿಸುವುದನ್ನು ನಾವು ಪೂರ್ತಿ ಬಿಟ್ಟೆವು, ಏಕೆಂದರೆ ಕಾಂಗರೂಗಳು ರಸ್ತೆಗೆ ಬರುವುದೇ ಆ ಹೊತ್ತಿಗೆ. ಊರು ಬೆಳ್ಳಿ, ಸೀಸ, ಸತುವಿನ ಗಣಿಯದು. ಬೀದಿಗಳ ಹೆಸರುಗಳು ಆಕ್ಸೈಡ್, ಕ್ಲೋರೈಡ್, ಸಲ್ಫೈಡ್ ಎಂದಿರುವುದರಿಂದ ರಸಾಯನಶಾಸ್ತ್ರದ ಪುಸ್ತಕದಲ್ಲಿ ದಾರಿ ತಪ್ಪಿದಂತಾಗುತ್ತದೆ. ನ್ಯೂ ಸೌತ್ ವೇಲ್ಸಿಗೆ ಸೇರಿದ್ದರೂ ಗಡಿಯಾರ ಮಾತ್ರ ದಕ್ಷಿಣ ಆಸ್ಟ್ರೇಲಿಯಾದ್ದು, ಅರ್ಧ ಗಂಟೆ ಹಿಂದೆ. ಊರಿನ ನಡುವಿನ ಗಣಿಗುಡ್ಡದ ಮೇಲೆ ಗಣಿಯಲ್ಲಿ ಸತ್ತ ಎಂಟುನೂರಕ್ಕೂ ಹೆಚ್ಚು ಜನರ ಹೆಸರು ಕೆತ್ತಿಟ್ಟಿದ್ದಾರೆ, ಒಬ್ಬೊಬ್ಬರು ಸತ್ತದ್ದು ಹೇಗೆಂಬುದನ್ನೂ ಸೇರಿಸಿ. ಊರಂಚಿನಲ್ಲಿ ತಗಡಿನ ಗೋಡೆಯ ಒಂದು ಪುಟ್ಟ ಮಸೀದಿಯಿದೆ. ಅಫ್ಘಾನಿಸ್ತಾನದಿಂದಲೂ ಆಗಿನ ಹಿಂದೂಸ್ತಾನದ ವಾಯವ್ಯ ಸೀಮೆಯಿಂದಲೂ ಬಂದ ಒಂಟೆ ಹೊಡೆಯುವವರು 19ನೆಯ ಶತಮಾನದ ಕೊನೆಯಲ್ಲಿ ಕಟ್ಟಿಕೊಂಡದ್ದು. ದೊಡ್ಡಪ್ಪನವರಿಗೆ ಹಿಡಿಸುವ ಸಂಗತಿ ಬೇರೆಯೇ ಇದೆ. ಡಾರ್ಲಿಂಗ್ ನದಿಯನ್ನು ನೆಚ್ಚಿಕೊಂಡಿದ್ದ ಈ ಊರಿಗೆ ಆ ನದಿ ಪದೇ ಪದೇ ಕೈಕೊಟ್ಟಿದ್ದರಿಂದ, 2019ರಿಂದ 270 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಮರ್ರೇ ನೀರು ಬರುತ್ತಿದೆ. ಕ್ಯಾರವಾನ್ ಪಾರ್ಕಿನ ನಲ್ಲಿಯಲ್ಲಿ ನಾನು ತುಂಬಿಸಿಕೊಂಡದ್ದು ಹಿಂದಿನ ವಾರ ಮಿಲ್ಡೂರದ ಬಳಿ ನೋಡಿದ್ದ ನದಿಯನ್ನೇ.

ರೆನ್‌ಮಾರ್ಕಿಗೆ ಹೋಗುವ ದಾರಿಯಲ್ಲಿ, ರಾಜ್ಯದ ಗಡಿ ದಾಟಿದೊಡನೆ ಯಂಬ ಎಂಬಲ್ಲಿ ಹಣ್ಣುನೊಣದ ತಪಾಸಣೆ ಇದೆ. ಆ ಸೀಮೆಯ ತೋಟಗಳಿಗೆ ನೊಣ ತಗಲದಿರಲೆಂದು ಹಣ್ಣು, ಟೊಮೇಟೊ, ಮೆಣಸಿನಕಾಯಿ ಯಾವುದನ್ನೂ ಒಳಗೆ ಬಿಡುವುದಿಲ್ಲ, ಬಚ್ಚಿಟ್ಟರೆ ದಂಡ. ಮೊದಲೇ ತಿಳಿದಿದ್ದರಿಂದ ಹಿಂದಿನ ರಾತ್ರಿ ಟೊಮೇಟೊವನ್ನೆಲ್ಲ ಗೊಜ್ಜು ಮಾಡಿದ್ದೆ. ಆರು ಮಾವಿನಹಣ್ಣು ಉಳಿದಿದ್ದವು. ರಸ್ತೆಯ ಬದಿಗೆ ನಿಲ್ಲಿಸಿ, ಮೊಣಕೈವರೆಗೆ ರಸ ಸುರಿಸಿಕೊಂಡು ಇಬ್ಬರೂ ಮೂರು ಮೂರು ತಿಂದೆವು. ಕೈ ತೊಳೆಯಲು ಯಜಮಾನರು ಒಂದೇ ಲೋಟ ನೀರು ಕೊಟ್ಟರು, ಟ್ಯಾಂಕಿನ ಲೆಕ್ಕ ತಪ್ಪುತ್ತದೆಂದು. ಗೊಜ್ಜಿಗೆ ಸೇರದೆ ಉಳಿದ ಹಸಿಮೆಣಸಿನಕಾಯಿಯ ಪೊಟ್ಟಣ ಮಾತ್ರ ಅಲ್ಲಿನ ತೊಟ್ಟಿಗೆ ಹೋಯಿತು.

ಮರಳುವ ದಾರಿಯಲ್ಲಿ ಬ್ರಿಮ್ ಎಂಬ ಊರಿನ ಸೈಲೋಗಳ, ಅಂದರೆ ಧಾನ್ಯ ತುಂಬಿಡುವ ಎತ್ತರದ ಕಣಜಗಳ ಮೇಲೆ 2016ರಲ್ಲಿ ಗಿಡೋ ವ್ಯಾನ್ ಹೆಲ್ಟನ್ ಬಿಡಿಸಿದ ರೈತರ ಬೃಹತ್ ಚಿತ್ರಗಳನ್ನು ನೋಡಿದೆವು. ಫೋಟೋ ಹಾಕಿದ್ದೇನೆ, ವಿವರಿಸುವುದಿಲ್ಲ. ಅದಕ್ಕೂ ಒಂದು ದಿನ ತಡವಾಯಿತು. ಆ ಭಾಗಕ್ಕೆ ಪೂರ್ಣ ಬೆಂಕಿನಿಷೇಧ ಘೋಷಿಸಿದ್ದರು, ಬಿಸಿಗಾಳಿ ಬೀಸುತ್ತಿತ್ತು. 2009ರ ಫೆಬ್ರವರಿ 7ರ ಕಾಡ್ಗಿಚ್ಚಿನಲ್ಲಿ ವಿಕ್ಟೋರಿಯಾದಲ್ಲಿ 173 ಜನ ತೀರಿಕೊಂಡ ಮೇಲೆ ಇಲ್ಲಿ ಯಾರೂ ಅಂಥ ದಿನವನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಎಚ್ಚರಿಕೆಯ ಆ್ಯಪನ್ನು ತೆರೆದಿಟ್ಟುಕೊಂಡು, ಅವಲಕ್ಕಿ ನೆನೆಸಿ ತಿಂದು, ಕದಲದೆ ಕೂತೆವು.

ಸುಮಾ ಅತ್ತಿಗೆಗೆ: ಅಡಿಗೆಗೆ ಮೂರು ಬರ್ನರಿನ ಒಲೆಯಿದೆ, ಪುಟ್ಟ ಕುಕ್ಕರು ಸಾಕು. ಒಗ್ಗರಣೆಯನ್ನು ಮಾತ್ರ ಹೊರಗೆ, ಪಾರ್ಕಿನ ಬಾರ್ಬೆಕ್ಯೂ ಬಳಿ ಮಾಡುವುದು ಒಳ್ಳೆಯದು. ಒಳಗೆ ಮಾಡಿದ ಇಂಗಿನ ವಾಸನೆ ಹೊದಿಕೆಗೆ ಅಂಟಿ ವಾರವಾದರೂ ಹೋಗುವುದಿಲ್ಲ. ಪಾರ್ಕುಗಳಲ್ಲಿ ಸ್ನಾನದ ಮನೆ, ಬಟ್ಟೆ ತೊಳೆಯುವ ಯಂತ್ರ ಎಲ್ಲವೂ ಇರುತ್ತವೆ. ನದಿಯ ದಡದಲ್ಲಿ ಬಿಟ್ಟಿಯಾಗಿ ತಂಗುವ ಜಾಗಗಳಲ್ಲಿ ಏನೂ ಇರುವುದಿಲ್ಲ, ಅಲ್ಲಿ ಇಬ್ಬರ ಸ್ನಾನ ಹನ್ನೆರಡು ಲೀಟರಿನಲ್ಲಿ ಮುಗಿಯಬೇಕು. ಶೌಚದ ಡಬ್ಬಿಯನ್ನು ಅದಕ್ಕೆಂದೇ ಇರುವ ಗುಂಡಿಯಲ್ಲಿ ಬರಿದುಮಾಡುವ ಕೆಲಸವೊಂದಿದೆ; ಅದು ಮೊದಲ ದಿನದಿಂದಲೂ ಯಜಮಾನರ ಖಾತೆ.

ಸುಖವೇನು ಎಂಬ ಪ್ರಶ್ನೆಗೆ ಬರುತ್ತೇನೆ. ಮರ್ರೇ ದಡದಲ್ಲಿ ತಂಗಿದ್ದ ಒಂದು ಸಂಜೆ ಕೊರೆಲ್ಲಾ ಹಕ್ಕಿಗಳು ಗದ್ದಲವೆಬ್ಬಿಸಿ ಮರ ಸೇರಿದ ಮೇಲೆ ಮಾಡಲು ಏನೂ ಇರಲಿಲ್ಲ, ಫೋನಿಗೆ ಸಿಗ್ನಲ್ಲೂ ಇರಲಿಲ್ಲ. ಇವರು ತಮ್ಮ ಹೈಸ್ಕೂಲಿನ ದಿನಗಳ ಒಂದು ಕಥೆ ಹೇಳಿದರು. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ನಾನು ಅದನ್ನು ಕೇಳಿರಲಿಲ್ಲ. ಹೋಟೆಲಿನಲ್ಲಿದ್ದರೆ ಟಿ.ವಿ. ಹಾಕಿರುತ್ತಿದ್ದೆವು.

ಆದರೂ ಅತ್ತಿಗೆ, ನಿಮಗೆ ನಾನು ಬಾಡಿಗೆ ಕ್ಯಾರವಾನನ್ನು ಶಿಫಾರಸು ಮಾಡುವುದಿಲ್ಲ. ಇಲ್ಲಿಯೂ ಎಡಬದಿಯಲ್ಲೇ ಓಡಿಸುವುದು ನಿಜ, ಆದರೆ ಎಂದೂ ಎಳೆದು ಅಭ್ಯಾಸವಿಲ್ಲದೆ, ಹಿರಿಯರನ್ನು ಕೂರಿಸಿಕೊಂಡು, ಜನವರಿಯ ಬಿಸಿಲಿನಲ್ಲಿ ಬೇಡವೇ ಬೇಡ. ಅದೇ ಪಾರ್ಕುಗಳಲ್ಲಿ ಎ.ಸಿ. ಇರುವ ಕ್ಯಾಬಿನ್ ಸಿಗುತ್ತವೆ. ನೀವು ಕ್ಯಾಬಿನ್ ಹಿಡಿಯಿರಿ, ನಾವು ಪಕ್ಕದಲ್ಲೇ ಕ್ಯಾರವಾನ್ ನಿಲ್ಲಿಸುತ್ತೇವೆ. ಎಚೂಕದವರೆಗೆ ಹೋದರೆ ಸಾಕು, ದೊಡ್ಡಪ್ಪ ಕಟ್ಟೆಯನ್ನೂ ದೋಣಿಯನ್ನೂ ನೋಡಬಹುದು. ಮಿಲ್ಡೂರದ ಪಂಪು, ನಾಲೆಗಳನ್ನು ನೋಡಲೇಬೇಕೆಂದರೆ ಅವರೊಬ್ಬರು ಏಪ್ರಿಲಿನಲ್ಲಿ ಬರಲಿ, ಆಗ ಹವೆ ಹಿತವಾಗಿರುತ್ತದೆ. ಕ್ರಿಸ್‌ಮಸ್ ರಜೆಯ ಕ್ಯಾಬಿನ್‌ಗಳು ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತವೆ, ಆದ್ದರಿಂದ ಟಿಕೆಟಿನ ದಿನಾಂಕ ಗೊತ್ತಾದ ಕೂಡಲೇ ಇಲ್ಲಿಯೇ ಹಾಕಿ. ಬರುವಾಗ ಇಂಗು ತರುವುದಾದರೆ ಡಬ್ಬಿಯ ಮುಚ್ಚಳಕ್ಕೆ ಟೇಪು ಸುತ್ತಿರಿ.