ಅಪ್‌ಡೇಟ್: ಬೀಗ ಗಟ್ಟಿಯಿತ್ತು, ಚಿಲಕ ಗಟ್ಟಿಯಿರಲಿಲ್ಲ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮನೆ ಹಿಂದಿನ ಜೀನ್ಸ್ ಹೊಲಿಯುವ ಶೆಡ್ಡಿನಿಂದ ಎರಡು ಮೋಟಾರ್ ಕಳುವಾದವು, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಜಾಸ್ತಿ ಜನ ಕ್ಯಾಮೆರಾ ಅಂದಿರಿ. ಒಬ್ಬರು ಮಾತ್ರ "ಮೊದಲು ಚಿಲಕ ನೋಡಿ" ಅಂದರು. ನೋಡಿದೆ. ಚಿಲಕದ ನಾಲ್ಕೂ ಸ್ಕ್ರೂ ಹೊರಗಡೆ! ಬೀಗ ಮುಟ್ಟದೆ ಸುಮ್ನೆ ಬಿಚ್ಚಿದ್ದಾರೆ. ಈಗ ಗುಂಡು ತಲೆಯ ಬೋಲ್ಟ್ ಹಾಕಿ, ನಟ್ಟನ್ನು ಒಳಗಿನಿಂದ ಬಿಗಿದಿದ್ದೇನೆ. ತಗಡಿನ ಚಾವಣಿಯ ನಟ್ಟುಗಳೂ ಮೇಲೇ ಇದ್ದವು. ಅದಕ್ಕೆ ಕೆಳಗಿನಿಂದ ಕಬ್ಬಿಣದ ಜಾಲರಿ ಹೊಡೆಸಿದೆ. ನಮ್ಮೂರಿನ ಬಿಸಿಲಿಗೆ ಕಿಟಕಿ ಮುಚ್ಚಲು ಆಗುತ್ತದೆಯೇ? ಸರಳು ಹಾಕಿಸಿದೆ. ಮಷೀನುಗಳ ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಟಿದ್ದೇನೆ. ಓಡಾಟ ಕಂಡರೆ ತಾನೇ ಹೊತ್ತುವ ಸೆನ್ಸರ್ ಲೈಟನ್ನೂ ಹಾಕಿದ್ದೇನೆ, ಅದಕ್ಕೆ ಸದ್ಯ ರಾತ್ರಿಯಿಡೀ ಬೆಕ್ಕುಗಳದ್ದೇ ಮೆರವಣಿಗೆ. ಮೋಟಾರ್ ಇನ್ನೂ ಸಿಕ್ಕಿಲ್ಲ.