ಅಮೆರಿಕದ ಅಂತರ್ಯುದ್ಧದಲ್ಲಿ ಸೆರೆಯಾಳುಗಳ ವಿನಿಮಯ ನಿಂತದ್ದು ಗ್ರಾಂಟ್ ಅವರಿಂದಲೇ?

ಪ್ರಶ್ನೆ

ಒಕ್ಕೂಟದಿಂದ ಬೇರ್ಪಟ್ಟ ದಕ್ಷಿಣದ ರಾಜ್ಯಗಳ ಸಿಪಾಯಿಗಳು ಬಿಡುಗಡೆಯಾದರೆ ಮತ್ತೆ ಬಂದೂಕು ಹಿಡಿಯುತ್ತಾರೆಂಬ ಲೆಕ್ಕಾಚಾರದಿಂದ ಉತ್ತರದ ಸೇನಾಪತಿ ಜನರಲ್ ಗ್ರಾಂಟ್ 1864ರಲ್ಲಿ ಸೆರೆಯಾಳುಗಳ ವಿನಿಮಯವನ್ನು ನಿಲ್ಲಿಸಿದರು, ಆಂಡರ್ಸನ್‌ವಿಲ್ ಎಂಬ ದಕ್ಷಿಣದವರ ಸೆರೆಶಿಬಿರದಲ್ಲಿ ಸುಮಾರು 13,000 ಮಂದಿ ಉತ್ತರದ ಸೈನಿಕರು ಸಾಯಲು ಅದೇ ಕಾರಣ ಎಂದು ಹಲವು ಕಡೆ ಓದಿದ್ದೇನೆ. ಇದು ಎಷ್ಟರಮಟ್ಟಿಗೆ ನಿಜ? ಅದಕ್ಕೂ ಮೊದಲು, ಕೇವಲ ಮಾತಿನ ಮೇಲೆ ಶತ್ರುವನ್ನು ಬಿಟ್ಟುಕಳಿಸುವ ಪೆರೋಲ್ ಪದ್ಧತಿ ನಡೆಯುತ್ತಿದ್ದುದಾದರೂ ಹೇಗೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ಮೊದಲು ಪೆರೋಲ್ ವಿಷಯ. 1862ರ ಜುಲೈ 22ರಂದು ಉತ್ತರದ ಪರವಾಗಿ ಜಾನ್ ಡಿಕ್ಸ್, ದಕ್ಷಿಣದ ಪರವಾಗಿ ಡಿ. ಎಚ್. ಹಿಲ್ ಸಹಿ ಹಾಕಿದ ಒಪ್ಪಂದದ ಪ್ರಕಾರ, ಸೆರೆಸಿಕ್ಕವರನ್ನು ಹತ್ತು ದಿನಗಳೊಳಗೆ ಪೆರೋಲ್ ಮೇಲೆ ಬಿಡಬೇಕಿತ್ತು. ಹಾಗೆ ಬಿಡುಗಡೆಯಾದವನು, ತನಗೆ ಬದಲಾಗಿ ಎದುರು ಪಕ್ಷದ ಒಬ್ಬನನ್ನು ಬಿಟ್ಟದ್ದು ಲೆಕ್ಕಕ್ಕೆ ಸೇರುವವರೆಗೆ, ಯುದ್ಧ ಮಾಡುವುದಿರಲಿ, ಕೋಟೆಯ ಕಾವಲಿಗೂ ನಿಲ್ಲುವಂತಿರಲಿಲ್ಲ. ಲೆಕ್ಕಕ್ಕೆ ದರ್ಜೆಯೇ ಆಧಾರ: ಒಬ್ಬ ಲೆಫ್ಟಿನೆಂಟ್‌ಗೆ 4 ಸಿಪಾಯಿಗಳು, ಕರ್ನಲ್‌ಗೆ 15, ಮೇಜರ್ ಜನರಲ್‌ಗೆ 40, ಮಹಾದಂಡನಾಯಕನಿಗೆ 60.

ಎರಡೂ ಕಡೆ ಸಾವಿರಾರು ಜನರನ್ನು ಸಾಕಿ ಕಾಯುವ ಹೊರೆ ತಪ್ಪುತ್ತಿದ್ದುದರಿಂದ ಈ ಪದ್ಧತಿ ಕೆಲವು ಕಾಲ ಚೆನ್ನಾಗಿಯೇ ನಡೆಯಿತು. ಆದರೆ ಪೆರೋಲ್ ಪಡೆದವರೆಲ್ಲ ಮನೆಗೆ ಹೋಗುತ್ತಿದ್ದರೆಂದು ಭಾವಿಸಬಾರದು. 1862ರ ಸೆಪ್ಟೆಂಬರ್‌ನಲ್ಲಿ ಹಾರ್ಪರ್ಸ್ ಫೆರಿಯಲ್ಲಿ ಶರಣಾದ ಸುಮಾರು 12,500 ಉತ್ತರದ ಸೈನಿಕರಲ್ಲಿ ಬಹಳ ಮಂದಿಯನ್ನು ಅವರ ಸರ್ಕಾರವೇ ಷಿಕಾಗೋದ ಕ್ಯಾಂಪ್ ಡಗ್ಲಸ್‌ನಲ್ಲಿ ಇರಿಸಿತು. ಮನೆಗೆ ಹೋಗುವ ಆಸೆಯಿಂದ ಸಿಪಾಯಿಗಳು ಬೇಕೆಂದೇ ಸೆರೆಸಿಕ್ಕಾರು ಎಂಬ ಭಯ ಅಧಿಕಾರಿಗಳಿಗಿತ್ತು.

ಉತ್ತರ 2

ಪ್ರಶ್ನೆಯ ಮೊದಲ ಭಾಗಕ್ಕೆ ನನ್ನ ಉತ್ತರ ಸ್ಪಷ್ಟವಾಗಿದೆ: ವಿನಿಮಯ ಬೇಡವೆಂದು ಗ್ರಾಂಟ್ 1864ರ ಆಗಸ್ಟ್ ತಿಂಗಳಲ್ಲಿ ಬರೆದ ಪತ್ರಕ್ಕೆ ಒಂದು ವರ್ಷ ಮೊದಲೇ ಒಪ್ಪಂದ ಮುರಿದುಬಿದ್ದಿತ್ತು. ಉತ್ತರದ ಸೇನೆ ಕಪ್ಪು ಜನರನ್ನು ಸೇರಿಸಿಕೊಳ್ಳತೊಡಗಿದಾಗ ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್ 1862ರ ಡಿಸೆಂಬರ್‌ನಲ್ಲಿ, ಸೆರೆಸಿಕ್ಕ ಗುಲಾಮರನ್ನು ಆಯಾ ರಾಜ್ಯಗಳ ವಶಕ್ಕೆ ಒಪ್ಪಿಸುವುದಾಗಿ ಘೋಷಿಸಿದರು; 1863ರ ಮೇ ತಿಂಗಳಲ್ಲಿ ದಕ್ಷಿಣದ ಕಾಂಗ್ರೆಸ್ ಆ ನೀತಿಯನ್ನು ಎತ್ತಿಹಿಡಿದು, ಅವರನ್ನು ಮುನ್ನಡೆಸುವ ಬಿಳಿಯ ಅಧಿಕಾರಿಗಳಿಗೆ ಮರಣದಂಡನೆಯನ್ನೂ ವಿಧಿಸಬಹುದೆಂದಿತು. ತನ್ನ ಸಮವಸ್ತ್ರ ತೊಟ್ಟವರಲ್ಲಿ ಕೆಲವರನ್ನು ಸೈನಿಕರೆಂದೇ ಒಪ್ಪದ ಶತ್ರುವಿನೊಡನೆ ಉತ್ತರದ ಸರ್ಕಾರ ತಲೆಗೆ ತಲೆ ಎಂಬ ವಿನಿಮಯವನ್ನು ಹೇಗೆ ಮುಂದುವರಿಸಬೇಕಿತ್ತು? ಇದನ್ನು ಬದಿಗಿಟ್ಟು ಗ್ರಾಂಟ್ ಅವರ ಲೆಕ್ಕಾಚಾರವನ್ನಷ್ಟೇ ಹೇಳುವುದು ಆ ಕಪ್ಪು ಸೈನಿಕರಿಗೆ ಮಾಡುವ ಅನ್ಯಾಯ ಎಂದು ನಾನು ನಂಬುತ್ತೇನೆ.

ಪೆರೋಲ್ ಮೇಲಿನ ನಂಬಿಕೆ ಕುಸಿದದ್ದೂ ಅದೇ ವರ್ಷ. 1863ರ ಜುಲೈ 4ರಂದು ವಿಕ್ಸ್‌ಬರ್ಗ್‌ನಲ್ಲಿ ಶರಣಾದ 29,000ಕ್ಕೂ ಹೆಚ್ಚು ದಕ್ಷಿಣದ ಸೈನಿಕರನ್ನು ಸ್ವತಃ ಗ್ರಾಂಟ್ ಅವರೇ ಪೆರೋಲ್ ಮೇಲೆ ಬಿಟ್ಟಿದ್ದರು. ದಕ್ಷಿಣದ ವಿನಿಮಯಾಧಿಕಾರಿ ರಾಬರ್ಟ್ ಔಲ್ಡ್, ಆ ಸೈನಿಕರಲ್ಲಿ ಅನೇಕರ ವಿನಿಮಯ ಮುಗಿಯಿತೆಂದು, ಅಂದರೆ ಅವರು ಮತ್ತೆ ಹೋರಾಡಬಹುದೆಂದು, ಏಕಪಕ್ಷೀಯವಾಗಿ ಸಾರಿದರು. ಆ ವರ್ಷದ ಕೊನೆಗೆ ಚಟಾನೂಗ ಕದನದಲ್ಲಿ ಅವರಲ್ಲಿ ಕೆಲವರು ಮತ್ತೆ ಸೆರೆಸಿಕ್ಕರು. ಗ್ರಾಂಟ್ ಅವರ ಮುಂದಿನ ಬಿಗಿ ನಿಲುವಿಗೆ ಈ ಅನುಭವವೂ ಕಾರಣವಾಗಿರಬೇಕು.

ಉತ್ತರ 3

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಗ್ರಾಂಟ್ ಅವರನ್ನು ಪೂರ್ತಿ ಬಿಡಿಸಲಾಗದು. 1864ರ ಆಗಸ್ಟ್ 18ರಂದು ಅವರು ಉತ್ತರದ ಜನರಲ್ ಬಟ್ಲರ್ ಅವರಿಗೆ ಬರೆದ ಪತ್ರದಲ್ಲಿ, ದಕ್ಷಿಣದ ಸೆರೆಮನೆಗಳಲ್ಲಿರುವ ನಮ್ಮವರಿಗೆ ವಿನಿಮಯ ಮಾಡದಿರುವುದು ಕಷ್ಟವಾದರೂ ರಣರಂಗದಲ್ಲಿರುವವರ ಪಾಲಿಗೆ ಇದೇ ಮಾನವೀಯತೆ ಎಂಬರ್ಥದ ಮಾತಿದೆ. ಅಲ್ಲಿ ಕಪ್ಪು ಸೈನಿಕರ ಪ್ರಸ್ತಾಪವಿಲ್ಲ. ಆದರೆ ಅಕ್ಟೋಬರ್‌ನಲ್ಲಿ ದಕ್ಷಿಣದ ಜನರಲ್ ಲೀ ಅವರು ತಲೆಗೆ ತಲೆ ವಿನಿಮಯಕ್ಕೆ ಮುಂದಾದಾಗ, ಕಪ್ಪು ಸೈನಿಕರನ್ನೂ ಬಿಳಿಯರಂತೆಯೇ ಒಪ್ಪಿಸುವಿರಾ ಎಂದು ಗ್ರಾಂಟ್ ಕೇಳಿದರು. ತಮ್ಮ ನಾಗರಿಕರ ಒಡೆತನದಲ್ಲಿದ್ದವರು ವಿನಿಮಯಕ್ಕೆ ಸೇರುವುದಿಲ್ಲ ಎಂದು ಲೀ ಉತ್ತರಿಸಿದ್ದರಿಂದ ಮಾತುಕತೆ ಅಲ್ಲಿಗೇ ನಿಂತಿತು. 1865ರ ಜನವರಿಯಲ್ಲಿ ಎಲ್ಲ ಸೆರೆಯಾಳುಗಳನ್ನೂ ಬಿಡಲು ದಕ್ಷಿಣದವರು ಒಪ್ಪಿದ ಮೇಲೆಯೇ ವಿನಿಮಯ ಮತ್ತೆ ಆರಂಭವಾಯಿತು.