ಬೆಕ್ಕಿಗೆ ಸೀನು, ಕಣ್ಣಲ್ಲಿ ಗೀಜು: ಭಟ್ಟಿಯ ಹೊಗೆಯೋ, ಅಂಟುರೋಗವೋ?

ಪ್ರಶ್ನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಮಂಡಕ್ಕಿ ಭಟ್ಟಿಗಳಿಗೆ ಹತ್ತಿರದ ಬಡಾವಣೆಯಲ್ಲಿ ನಮ್ಮ ಮನೆ. ಬೀದಿಯಲ್ಲಿ ಸಿಕ್ಕ ಮರಿಯೊಂದನ್ನು ಮಕ್ಕಳು ಕಳೆದ ವಾರ ಮನೆಗೆ ತಂದರು; ಅದಾದ ಮೇಲೆ ನಮ್ಮ ಹಳೆಯ ಹೆಣ್ಣು ಬೆಕ್ಕಿಗೆ ಸೀನು ಹಿಡಿದಿದೆ. ಕಣ್ಣಲ್ಲಿ ಗೀಜು ಕಟ್ಟುತ್ತದೆ, ಮೂಗಿನಿಂದ ನೀರಿಳಿಯುತ್ತದೆ, ನಿನ್ನೆಯಿಂದ ಬಟ್ಟಲನ್ನು ಮೂಸಿ ತಿನ್ನದೆ ಹಿಂದಿರುಗುತ್ತಿದೆ. ಇದು ಭಟ್ಟಿಯ ಹೊಗೆಯಿಂದ ಆದದ್ದೆಂದು ನಮ್ಮ ಅತ್ತೆಯವರು ಹೇಳುತ್ತಾರೆ. ಮರಿಯಿಂದ ಅಂಟಿರಬೇಕೆಂದು ನನ್ನ ಅನುಮಾನ. ಮನುಷ್ಯರ ಜ್ವರದ ಮಾತ್ರೆಯನ್ನು ಅರ್ಧ ಮಾಡಿ ಕೊಟ್ಟು, ಮೂಗಿನ ಬಳಿ ಬಾಮು ಸವರಿದರೆ ಸರಿಹೋಗುತ್ತದೆ ಎಂದು ಪಕ್ಕದ ಮನೆಯವರು ತಿಳಿಸಿದ್ದಾರೆ. ಹಾಗೆ ಮಾಡಬಹುದೇ? ಮಕ್ಕಳಿಗೆ ಇದು ಹರಡುತ್ತದೆಯೇ?

ಉತ್ತರ 1 (ಚಿತ್ರದುರ್ಗ)

ಮೇಡಂ, ದಯವಿಟ್ಟು ಆ ಮಾತ್ರೆಯನ್ನು ಕೊಡಬೇಡಿ. ಪ್ಯಾರಾಸಿಟಮಾಲನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ ಇರುವುದರಿಂದ ಅದು ರಕ್ತದಲ್ಲಿ ಆಮ್ಲಜನಕ ಸಾಗುವುದನ್ನೇ ಕೆಡಿಸುತ್ತದೆ. ಒಸಡು ಕಂದುಬಣ್ಣಕ್ಕೆ ತಿರುಗಿ, ಮುಖ ಊದಿಕೊಂಡು, ಉಸಿರಿಗೆ ಒದ್ದಾಡಿ ಬೆಕ್ಕು ಸಾಯಲು ಅರ್ಧ ಮಾತ್ರೆಯೇ ಸಾಕಾಗಬಹುದು. ಬಾಮಿನಲ್ಲಿರುವ ಕರ್ಪೂರ ಮತ್ತು ನೀಲಗಿರಿ ಎಣ್ಣೆಗಳೂ ಬೆಕ್ಕಿಗೆ ವಿಷವೇ, ಮೈಗೆ ಸವರಿದ್ದನ್ನು ಅದು ನೆಕ್ಕದೆ ಬಿಡುವುದಿಲ್ಲ.

ನಿಮ್ಮ ಅನುಮಾನ ಸರಿಯಿದ್ದಂತೆ ಕಾಣುತ್ತದೆ. ಬೆಕ್ಕುಗಳ ನೆಗಡಿಗೆ ಹೆಚ್ಚಾಗಿ ಕಾರಣವಾಗುವುದು ಅವುಗಳದೇ ಹರ್ಪಿಸ್ ವೈರಸ್ ಅಥವಾ ಕ್ಯಾಲಿಸಿ ವೈರಸ್. ಸೋಂಕಿದ ಕೆಲವೇ ದಿನಗಳಲ್ಲಿ ಲಕ್ಷಣಗಳು ಕಾಣಿಸುತ್ತವೆ. ಹರ್ಪಿಸ್‌ನಲ್ಲಿ ಕಣ್ಣಿನ ತೊಂದರೆ ಎದ್ದು ಕಾಣುತ್ತದೆ, ಕ್ಯಾಲಿಸಿಯಲ್ಲಿ ನಾಲಿಗೆಯ ಮೇಲೆ ಹುಣ್ಣಾಗಿ ಜೊಲ್ಲು ಸುರಿಯಬಹುದು. ಒಮ್ಮೆ ಬಂದ ಹರ್ಪಿಸ್ ದೇಹದಲ್ಲೇ ಅಡಗಿದ್ದು, ಮನೆ ಬದಲಾದಾಗ ಅಥವಾ ಹೊಸ ಪ್ರಾಣಿ ಬಂದಾಗಿನ ಒತ್ತಡಕ್ಕೆ ಮತ್ತೆ ತಲೆಯೆತ್ತುವುದೂ ಉಂಟು. ಈ ಎರಡು ವೈರಸ್‌ಗಳು ಮನುಷ್ಯರಿಗೆ ಅಂಟುವುದಿಲ್ಲ. ಆದರೂ ಕಣ್ಣುರಿಯನ್ನು ಹರಡಬಲ್ಲ ಬ್ಯಾಕ್ಟೀರಿಯಾ ಅಪರೂಪಕ್ಕೆ ಜೊತೆಯಲ್ಲಿರಬಹುದಾದ್ದರಿಂದ, ಬೆಕ್ಕಿನ ಕಣ್ಣು ಒರೆಸಿದ ಮೇಲೆ ಮಕ್ಕಳು ಸೋಪು ಹಚ್ಚಿ ಕೈ ತೊಳೆಯಲಿ.

ಸೀನಿಗಿಂತ ನನಗೆ ಹೆಚ್ಚು ಆತಂಕ ತಂದಿರುವುದು ಅದು ಊಟ ಬಿಟ್ಟಿರುವ ಸಂಗತಿ. ಮೂಗು ಕಟ್ಟಿದರೆ ಬೆಕ್ಕಿಗೆ ವಾಸನೆ ತಿಳಿಯದು, ವಾಸನೆ ತಿಳಿಯದ ಆಹಾರವನ್ನು ಅದು ಮುಟ್ಟದು. ಹೀಗೆ ಕೆಲವು ದಿನ ಉಪವಾಸವಿದ್ದರೆ, ಅದರಲ್ಲೂ ದಪ್ಪ ಬೆಕ್ಕುಗಳಲ್ಲಿ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯವಾಗುತ್ತದೆ. ಮುಳ್ಳು ತೆಗೆದು ಬೇಯಿಸಿದ ಮೀನನ್ನು ಉಗುರುಬೆಚ್ಚಗೆ ಮಾಡಿ ಇಡಿ; ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬೇಡ. ಅದಕ್ಕೂ ಮೊದಲು ಬಚ್ಚಲುಮನೆಯ ಬಾಗಿಲು ಮುಚ್ಚಿ, ಬಿಸಿನೀರು ಬಿಟ್ಟು, ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಹತ್ತು ಹದಿನೈದು ನಿಮಿಷ ಆ ಹಬೆಯಲ್ಲಿ ಕುಳಿತಿರಿ; ನೀರಿಗೆ ಏನನ್ನೂ ಬೆರೆಸಬೇಡಿ. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಮೂಗು, ಕಣ್ಣು ಒರೆಸಿದರೆ ಎಷ್ಟೋ ಬೆಕ್ಕುಗಳು ತಿನ್ನಲು ಮನಸ್ಸು ಮಾಡುತ್ತವೆ. ಒಂದು ಹಗಲು ಒಂದು ರಾತ್ರಿ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ತೋರಿಸಲೇಬೇಕು. ಮರಿಗೂ ಸೀನು ಇದ್ದು ಅದೂ ಊಟ ಬಿಟ್ಟಿದ್ದರೆ ಅಷ್ಟು ಹೊತ್ತೂ ಕಾಯಬಾರದು.

ಬೆಕ್ಕು ನಿದ್ರಿಸುವಾಗ ಅದರ ಪಕ್ಕೆ ಏರಿಳಿಯುವುದನ್ನು ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಿ. ನಿಮಿಷಕ್ಕೆ 15ರಿಂದ 30 ಸಹಜ. ಪದೇ ಪದೇ 40 ದಾಟಿದರೆ ತಡಮಾಡಬೇಡಿ. ಬಾಯಿ ತೆರೆದು ಉಸಿರಾಡುತ್ತಿದ್ದರೆ ಅಥವಾ ಒಸಡು ನೀಲಿಯಾದರೆ, ರಾತ್ರಿಯಾಗಿದ್ದರೂ ಆ ಕ್ಷಣವೇ ಹೊರಡಿ.

ಉತ್ತರ 2 (ದಾವಣಗೆರೆ)

ಮೇಲಿನವರ ಮಾತೆಲ್ಲ ಸರಿ, ಆದರೆ ನಿಮ್ಮ ಅತ್ತೆಯವರ ಮಾತನ್ನೂ ತಳ್ಳಿಹಾಕಬೇಡಿ. ಹೊಗೆಯಿಂದ ವೈರಸ್ ಬಾರದಿದ್ದರೂ ಮೊದಲೇ ಕೆರಳಿದ ಶ್ವಾಸನಾಳವನ್ನು ಅದು ಇನ್ನಷ್ಟು ಕೆರಳಿಸುತ್ತದೆ. ಬೆಕ್ಕುಗಳಿಗೆ ಉಬ್ಬಸವೂ ಬರುತ್ತದೆ. ನೆಲಕ್ಕೆ ಕುಕ್ಕರಿಸಿ, ಕುತ್ತಿಗೆ ಮುಂದೆ ಚಾಚಿ ಕೆಮ್ಮುವುದನ್ನು ಕಂಡವರು ಕೂದಲುಂಡೆ ಕಕ್ಕುತ್ತಿದೆಯೆಂದು ಸುಮ್ಮನಾಗುತ್ತಾರೆ, ಆದರೆ ಏನೂ ಹೊರಬರುವುದಿಲ್ಲ. ಅಂಥ ಕೆಮ್ಮು ಕಂಡರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ, ಏಕೆಂದರೆ ವೈದ್ಯರ ಮೇಜಿನ ಮೇಲೆ ಅದು ಕೆಮ್ಮದೇ ಇರಬಹುದು. ಭಟ್ಟಿಗಳ ಹೊಗೆ ದಟ್ಟವಾಗಿರುವ ಹೊತ್ತಿನಲ್ಲಿ ಅದನ್ನು ಒಳಕೋಣೆಯಲ್ಲಿರಿಸಿ. ಅಗರಬತ್ತಿ, ಸಾಂಬ್ರಾಣಿ, ಸೊಳ್ಳೆಬತ್ತಿಗಳ ಹೊಗೆಯೂ ಆ ಕೋಣೆಗೆ ಬಾರದಿರಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಬೆ ಕೊಟ್ಟ ಮೇಲೆ ಸ್ವಲ್ಪ ಮೀನು ತಿಂದಿತು. ಆದರೂ ನಾಳೆ ಬೆಳಿಗ್ಗೆ ವೈದ್ಯರಲ್ಲಿಗೆ ಒಯ್ಯುತ್ತೇವೆ. ಮರಿಯನ್ನು ಬೇರೆ ಕೋಣೆಯಲ್ಲಿ ಇಟ್ಟಿದ್ದೇವೆ. ನೆಲವನ್ನು ಫಿನೈಲಿನಿಂದ ಒರೆಸಿದರೆ ಸಾಕೇ?

ಉತ್ತರ 1 (ಚಿತ್ರದುರ್ಗ)

ಫಿನೈಲು ಬೇಡ ಮೇಡಂ. ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೆ ಅದೂ ವಿಷ. ಕ್ಯಾಲಿಸಿ ವೈರಸ್ ಒಣನೆಲದಲ್ಲಿ ವಾರಗಟ್ಟಲೆ ಉಳಿಯಬಲ್ಲದು. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 32 ಪಾಲು ನೀರು ಬೆರೆಸಿ ನೆಲ, ಬಟ್ಟಲುಗಳನ್ನು ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆದು, ಪೂರ್ತಿ ಒಣಗಿದ ಮೇಲಷ್ಟೇ ಬೆಕ್ಕನ್ನು ಒಳಬಿಡಿ.

ವೈದ್ಯರು ಆ್ಯಂಟಿಬಯಾಟಿಕ್ ಬರೆಯದಿದ್ದರೆ ಬೇಸರಿಸಬೇಡಿ, ವೈರಸ್‌ಗೆ ಅದು ನಾಟುವುದಿಲ್ಲ. ಸಿಂಬಳ ಹಳದಿ ಅಥವಾ ಹಸಿರಾಗಿ ಬ್ಯಾಕ್ಟೀರಿಯಾ ಸೇರಿದ ಲಕ್ಷಣವಿದ್ದರೆ ಅವರೇ ಕೊಡುತ್ತಾರೆ. ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟರೆ, ಅದು ಅನ್ನನಾಳದಲ್ಲಿ ಸಿಕ್ಕಿ ಹುಣ್ಣಾಗದಂತೆ ಹಿಂದೆಯೇ ಸಿರಿಂಜಿನಲ್ಲಿ ಸ್ವಲ್ಪ ನೀರು ಕುಡಿಸಿ. ಲಸಿಕೆಯ ಬಗ್ಗೆಯೂ ನಾಳೆಯೇ ಕೇಳಿ ಬನ್ನಿ: ಮರಿಗಳಿಗೆ 6ರಿಂದ 8 ವಾರದ ವಯಸ್ಸಿನಿಂದ ಆರಂಭಿಸಿ, 3-4 ವಾರಕ್ಕೊಮ್ಮೆ 16 ವಾರದವರೆಗೆ ಹಾಕಿಸುತ್ತಾರೆ. ಲಸಿಕೆ ಹಾಕಿಸಿದರೂ ಸೋಂಕು ತಗಲಬಹುದು, ಆದರೆ ಕಾಯಿಲೆ ಅಷ್ಟು ಉಗ್ರವಾಗುವುದಿಲ್ಲ.